ಬೋನಸ್ ಗೆರೆ ಮತ್ತು ಸ್ಕ್ವಾಟ್: ಎರಡಕ್ಕೂ ಒಂದೇ ಬಜೆಟ್ ಕ್ಯಾಮೆರಾ

ರೀಲ್ಸ್ ಮಾಡೋಕೆ, ಪ್ರವಾಸದಲ್ಲಿ ಚೆಂದದ ವಿಡಿಯೊ ತೆಗೆಯೋಕೆ ಕ್ಯಾಮೆರಾ ಹುಡುಕುತ್ತಿದ್ದರೆ ಈ ವಿಮರ್ಶೆ ನಿಮಗೆ ಅಷ್ಟು ಉಪಯೋಗಕ್ಕೆ ಬರಲಿಕ್ಕಿಲ್ಲ. ನಾನು ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಪಿಟಿ ಟೀಚರ್. ಬೆಳಿಗ್ಗೆ ಹೆಣ್ಣುಮಕ್ಕಳಿಗೆ ಕಬಡ್ಡಿ ಹೇಳಿಕೊಡುತ್ತೇನೆ. ಸಂಜೆ ಊರಿನ ಜಿಮ್‌ನಲ್ಲಿ ನನ್ನದೇ ಬಾರ್‌ಬೆಲ್ ಅಭ್ಯಾಸ, ಜೊತೆಗೆ ಅಲ್ಲಿ ಬರುವ ಕೆಲವರಿಗೆ ಸ್ಕ್ವಾಟ್ (ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತುವುದು) ತಿದ್ದುವುದು. ಎರಡೂ ಕಡೆ ನನಗೆ ವಿಡಿಯೊ ಬೇಕು, ಚೆಂದಕ್ಕಲ್ಲ. ಸರಿಯಾದ ಕ್ಷಣದಲ್ಲಿ ನಿಲ್ಲಿಸಿದರೆ ಕಾಲು ಎಲ್ಲಿದೆ, ಸೊಂಟ ಎಲ್ಲಿದೆ ಅಂತ ಕಾಣಬೇಕು, ಅಷ್ಟೇ.

ಹಳೆಯ ವಿದ್ಯಾರ್ಥಿಗಳು ಸೇರಿ ಕೊಟ್ಟ ದುಡ್ಡಿಗೆ ನಾನೂ ಸ್ವಲ್ಪ ಹಾಕಿದೆ. ಮೂವತ್ತು ಸಾವಿರದೊಳಗೆ ಎಲ್ಲ ಮುಗಿಯಬೇಕಿತ್ತು. ಕೊನೆಗೆ ತಗೊಂಡದ್ದು ಡಿಜೆಐ ಆಸ್ಮೋ ಆ್ಯಕ್ಷನ್ 4. ಇದು 2023ರ ಆಗಸ್ಟ್‌ನಲ್ಲಿ ಬಂದ ಮಾಡೆಲ್. ಇದರ ನಂತರ ಆ್ಯಕ್ಷನ್ 5 ಪ್ರೊ ಬಂದಿದೆ. ನಮ್ಮ ಕೆಲಸಕ್ಕೆ ಹಳೆಯದೇ ಸಾಕು. ಹೊಸದಕ್ಕೆ ಕೊಡುವ ಹೆಚ್ಚಿನ ದುಡ್ಡನ್ನು ಸ್ಟ್ಯಾಂಡ್‌ಗೆ, ಕಾರ್ಡ್‌ಗೆ ಹಾಕಿ ಅನ್ನುವುದು ನನ್ನ ಸಲಹೆ. ಯಾಕೆ ಅಂತ ಹೇಳ್ತೀನಿ.

ಕಬಡ್ಡಿಯಲ್ಲಿ ಬೋನಸ್ ಪಾಯಿಂಟ್ ನಿಯಮ ಗೊತ್ತಿರಬಹುದು. ಎದುರು ಅಂಕಣದಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಡಿಫೆಂಡರ್‌ಗಳು ಇದ್ದಾಗ ರೈಡರ್ ಬೋನಸ್ ಗೆರೆ ದಾಟಿ ಕಾಲು ಊರಬೇಕು. ಆ ಹೊತ್ತಿಗೆ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಓದಲು ಸುಲಭ. ಅಂಕಣದಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. "ಮಿಸ್, ನಾನು ದಾಟಿದ್ದೆ" ಅಂತ ಒಬ್ಬಳು, "ಇಲ್ಲ ಮಿಸ್, ಹಿಂದಿನ ಕಾಲು ನೆಲದಲ್ಲೇ ಇತ್ತು" ಅಂತ ಇನ್ನೊಬ್ಬಳು. ಪ್ರೊ ಕಬಡ್ಡಿ 2014ರಲ್ಲಿ ಶುರುವಾದ ಮೇಲೆ ಟಿವಿಯಲ್ಲಿ ರಿಪ್ಲೇ ನೋಡಿ ಬೆಳೆದ ಮಕ್ಕಳು ಇವರು. ಮೇಷ್ಟ್ರು ಹೇಳಿದ್ದಕ್ಕೆ ಸುಮ್ಮನಾಗುವ ಕಾಲ ಹೋಯ್ತು, ತೋರಿಸಬೇಕು.

ತೋರಿಸಬೇಕು ಅಂದರೆ ಸ್ವಲ್ಪ ಲೆಕ್ಕ ಮಾಡಬೇಕು. ಒದೆಯಲು ಬೀಸಿದ ಕಾಲು ಸೆಕೆಂಡಿಗೆ 5 ಮೀಟರ್ ವೇಗದಲ್ಲಿದೆ ಅಂತ ಇಟ್ಟುಕೊಳ್ಳಿ. ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ, ತೆಗೆದರೆ, ಒಂದು ಫ್ರೇಮ್‌ನಿಂದ ಮುಂದಿನದಕ್ಕೆ ಹೋಗುವಷ್ಟರಲ್ಲಿ ಆ ಕಾಲು ಸುಮಾರು 17 ಸೆಂಟಿಮೀಟರ್ ಸರಿದಿರುತ್ತದೆ. 120 ಫ್ರೇಮ್‌ನಲ್ಲಿ 4 ಸೆಂಟಿಮೀಟರ್. ಇದು ಒಂದು ಭಾಗ. ಇನ್ನೊಂದು ಶಟರ್, ಅಂದರೆ ಪ್ರತಿ ಫ್ರೇಮ್‌ಗೆ ಬೆಳಕು ಒಳಬಿಡುವ ಹೊತ್ತು. ಅದನ್ನು ಜಾಸ್ತಿ ಜನ ಮರೆಯುತ್ತಾರೆ. ಶಟರ್ ಸೆಕೆಂಡಿನ ಐವತ್ತನೇ ಒಂದು ಭಾಗ ತೆರೆದಿದ್ದರೆ ಅದೇ ಕಾಲು ಪ್ರತಿ ಫ್ರೇಮ್‌ನಲ್ಲೂ 10 ಸೆಂಟಿಮೀಟರ್ ಉದ್ದಕ್ಕೆ ಮಸುಕಾಗುತ್ತದೆ. ಕಬಡ್ಡಿ ಗೆರೆಯ ಅಗಲ ಹೆಚ್ಚೆಂದರೆ 5 ಸೆಂಟಿಮೀಟರ್. ಗೆರೆಗಿಂತ ದಪ್ಪ ಮಸುಕು ಇಟ್ಟುಕೊಂಡು ತೀರ್ಪು ಕೊಡೋದು ಹೇಗೆ? ಶಟರ್ 1/500ಕ್ಕೆ ಇಟ್ಟರೆ ಮಸುಕು 1 ಸೆಂಟಿಮೀಟರ್‌ಗೆ ಇಳಿಯುತ್ತದೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಮೊದಲು ಇದ್ದದ್ದು ಎರಡೇ: 1080ಪಿಯಲ್ಲಿ (ಫುಲ್ ಎಚ್‌ಡಿ ಚಿತ್ರದಲ್ಲಿ) ಸೆಕೆಂಡಿಗೆ 100 ಫ್ರೇಮ್‌ಗಿಂತ ಕಡಿಮೆ ಇರಬಾರದು, ಶಟರನ್ನು ನಾನೇ ಹೊಂದಿಸುವಂತಿರಬೇಕು. 4ಕೆ, 5ಕೆ ಅನ್ನುವ ಇನ್ನೂ ಸೂಕ್ಷ್ಮ ಚಿತ್ರವೆಲ್ಲ ಆಮೇಲೆ.

ಅಂಗಡಿಯವರು ಮಾತ್ರ 4ಕೆ ಇಂದಲೇ ಶುರು ಮಾಡುತ್ತಾರೆ. "ಶಟರ್ ಸ್ಪೀಡ್ ಕೈಯಾರೆ ಇಡಬಹುದಾ?" ಅಂತ ಕೇಳಿದರೆ "ಎಲ್ಲ ಆಟೊಮ್ಯಾಟಿಕ್ ಮೇಡಂ, ನೀವು ಏನೂ ಮಾಡೋದೇ ಬೇಡ" ಅಂತಾರೆ. ಅದೇ ಬೇಡ ಅಂತಿರೋದು ನಾನು.

ಮೊದಲು ನೋಡಿದ್ದು ಕೈಯಲ್ಲಿರುವ ಫೋನನ್ನೇ. ನಿಜ ಹೇಳಬೇಕು ಅಂದರೆ ಮಧ್ಯಮ ದರ್ಜೆಯ ಫೋನ್‌ನ ಸ್ಲೋಮೋಷನ್ ಕೂಡ ಚೆನ್ನಾಗಿಯೇ ಇರುತ್ತದೆ. ಒಬ್ಬರೇ ಜಿಮ್‌ನಲ್ಲಿ ಲಿಫ್ಟ್ ಮಾಡುವವರು ಏನನ್ನೂ ಕೊಳ್ಳಬೇಕಾಗಿಲ್ಲ, ಒಂದು ಚಿಕ್ಕ ಟ್ರೈಪಾಡ್ ತಗೊಳ್ಳಿ ಸಾಕು. ಅಂಕಣದ ಪಕ್ಕ ಮಾತ್ರ ಫೋನ್ ಸಾಲುವುದಿಲ್ಲ. ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಸಾಮಾನ್ಯ ಫೋನ್‌ನ ಮುಖ್ಯ ಲೆನ್ಸ್‌ನಲ್ಲಿ ಹತ್ತಿರದ ಪಕ್ಕದ ಗೆರೆ ಪೂರ್ತಿ ಸಿಗಬೇಕು ಅಂದರೆ ಸುಮಾರು 9 ಮೀಟರ್ ಹಿಂದೆ ಹೋಗಬೇಕು. ನಮ್ಮ ಅಂಕಣದ ಒಂದು ಕಡೆ ಕಾಂಪೌಂಡ್, ಇನ್ನೊಂದು ಕಡೆ ಹೊಂಗೆ ಮರಗಳ ಸಾಲು. ಅಷ್ಟು ಜಾಗ ಎಲ್ಲಿಂದ ತರೋದು? ಫೋನ್‌ನ ವೈಡ್ ಲೆನ್ಸ್‌ಗೆ ಹೋದರೆ ಎಷ್ಟೋ ಮಾಡೆಲ್‌ಗಳಲ್ಲಿ ಸ್ಲೋಮೋಷನ್ ಸಿಗುವುದಿಲ್ಲ. ಇನ್ನೊಂದು ತೊಂದರೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಬಹಳಷ್ಟು ಫೋನ್‌ಗಳು ಫ್ರೇಮ್‌ಗಳನ್ನು ಸಮ ಅಂತರದಲ್ಲಿ ತೆಗೆಯುವುದಿಲ್ಲ. ಬೆಳಕು ಕಡಿಮೆ ಆದರೆ ಅಂತರವನ್ನು ತಾವೇ ಹಿಗ್ಗಿಸುತ್ತವೆ. ನೋಡುವಾಗ ತಿಳಿಯಲ್ಲ. ಫ್ರೇಮ್ ಎಣಿಸಿ ಸಮಯ ಅಳೆಯಲು ಹೋದಾಗ ಲೆಕ್ಕ ತಪ್ಪುತ್ತದೆ. ಮಧ್ಯೆ ಹೆಡ್‌ಮಾಸ್ಟರ್ ಫೋನ್ ಬಂದರಂತೂ ಮುಗೀತು.

ಸೋನಿಯ ಎಚ್‌ಡಿಆರ್-ಸಿಎಕ್ಸ್405 ಹ್ಯಾಂಡಿಕ್ಯಾಮ್ ನೋಡಿದೆ. ಸ್ಟೇಡಿಯಂ ಮೆಟ್ಟಿಲ ಮೇಲೆ ಕೂತು ಅಥ್ಲೆಟಿಕ್ಸ್, ಕ್ರಿಕೆಟ್ ತೆಗೆಯುವವರಿಗೆ ಇವತ್ತಿಗೂ ಇದು ಸರಿಯಾದ ಆಯ್ಕೆ ಅಂತಲೇ ನನ್ನ ಅಭಿಪ್ರಾಯ. 30 ಪಟ್ಟು ಆಪ್ಟಿಕಲ್ ಜೂಮ್ ಇದೆ. ಆ್ಯಕ್ಷನ್ ಕ್ಯಾಮೆರಾ ಅದರ ಹತ್ತಿರಕ್ಕೂ ಬರಲ್ಲ. ಆದರೆ ನಮ್ಮ ಮೈದಾನ ಚಿಕ್ಕದು, ನಮಗೆ ಜೂಮ್ ಬೇಡ, ಅಗಲ ಬೇಕು. ಅದರ ಅಗಲವೂ ಹೆಚ್ಚು ಕಡಿಮೆ ಫೋನಿನಷ್ಟೇ. ಮೇಲಾಗಿ 100 ಫ್ರೇಮ್ ಇಲ್ಲ, ಬೆಳಕು ಹಿಡಿಯುವ ಸೆನ್ಸರ್ ಬಹಳ ಚಿಕ್ಕದು, ಮೈಕ್ ಚುಚ್ಚಲು ಜಾಗ ಇಲ್ಲ.

ಸೆಕೆಂಡ್‌ಹ್ಯಾಂಡ್ ಕ್ಯಾನನ್ ಎಂ50 ಕೊಡಲು ಪರಿಚಯದ ಮದುವೆ ಫೋಟೊಗ್ರಾಫರ್ ಒಬ್ಬರು ಸಿದ್ಧ ಇದ್ದರು. ಚಿತ್ರದ ಗುಣಮಟ್ಟ ಕೇಳಿದರೆ ಇಲ್ಲಿ ಹೇಳಿದ ಎಲ್ಲದಕ್ಕಿಂತ ಅದು ಮೇಲು. ಆದರೆ 2018ರ ಕ್ಯಾಮೆರಾ ಅದು. 1080ಪಿಯಲ್ಲಿ 60 ಫ್ರೇಮ್‌ಗೆ ನಿಲ್ಲುತ್ತದೆ, 120 ಬೇಕಿದ್ದರೆ 720ಪಿಗೆ ಇಳಿಯಬೇಕು. ಒಂದೇ ಸಲಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ರೆಕಾರ್ಡ್ ಆಗುವುದಿಲ್ಲ. ಆಗಿನ ಕಾಲದ ಫೋಟೊ ಕ್ಯಾಮೆರಾಗಳಲ್ಲಿ ಈ 29 ನಿಮಿಷ 59 ಸೆಕೆಂಡಿನ ಮಿತಿ ಮಾಮೂಲು. ಯುರೋಪಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ರೆಕಾರ್ಡ್ ಮಾಡಿದರೆ ವಿಡಿಯೊ ಕ್ಯಾಮೆರಾ ಅಂತ ಲೆಕ್ಕ ಹಿಡಿದು ತೆರಿಗೆ ಹಾಕುತ್ತಿದ್ದರು, ಅದಕ್ಕೆ. ಯಾರದೋ ತೆರಿಗೆಗೆ ನಮ್ಮ ಮ್ಯಾಚ್ ಅರ್ಧಕ್ಕೆ ನಿಲ್ಲೋದು ಅಂದರೆ ತಮಾಷೆಯಲ್ವಾ.

ಫೋಕಸ್ ವಿಷಯವೂ ಇದೆ. ಏಳು ಜನ ಡಿಫೆಂಡರ್‌ಗಳು, ಒಬ್ಬಳು ರೈಡರ್, ಎಲ್ಲರೂ ಅಡ್ಡಡ್ಡ ಓಡುತ್ತಾರೆ. ದೊಡ್ಡ ಲೆನ್ಸ್ ಕ್ಯಾಮೆರಾ ಯಾವ ಮುಖ ಹಿಡಿಯಲಿ ಅಂತ ಹುಡುಕುತ್ತಾ ಇರುತ್ತದೆ. ಕೈಯಾರೆ ಫೋಕಸ್ ಇಟ್ಟು ಬಿಡಬಹುದು, ಗೊತ್ತು. ಆದರೆ ನಾನು ಸೀಟಿ ಊದುತ್ತಿರುತ್ತೇನೆ, ಕ್ಯಾಮೆರಾ ಪಕ್ಕದಲ್ಲಿ ಎಂಟನೇ ಕ್ಲಾಸಿನ ಹುಡುಗಿ ನಿಂತಿರುತ್ತಾಳೆ. ಆ್ಯಕ್ಷನ್ ಕ್ಯಾಮೆರಾದಲ್ಲಿ ಈ ತಲೆನೋವೇ ಇಲ್ಲ. ಆಸ್ಮೋ ಆ್ಯಕ್ಷನ್ 4ರ ಲೆನ್ಸ್‌ಗೆ 40 ಸೆಂಟಿಮೀಟರ್‌ನಿಂದ ಆಚೆ ಇರುವುದೆಲ್ಲ ಸ್ಪಷ್ಟ. ಫೋಕಸ್ ಅನ್ನುವುದೇ ತಲೆಗೆ ಹಚ್ಚಿಕೊಳ್ಳಬೇಕಾಗಿಲ್ಲ.

ಹಾಗಾದರೆ ಇನ್ನೂ ಅಗ್ಗದ ಆ್ಯಕ್ಷನ್ ಕ್ಯಾಮೆರಾ ಯಾಕೆ ಬೇಡ? 2024ರಲ್ಲಿ ಬಂದ ಪುಟ್ಟ ಗೋಪ್ರೊ ಹೀರೊ ನೋಡಲು ಮುದ್ದಾಗಿದೆ, 86 ಗ್ರಾಂ ತೂಕ. ಆದರೆ 1080ಪಿಯಲ್ಲಿ 30 ಫ್ರೇಮ್, 2.7ಕೆಯಲ್ಲಿ 60 ಫ್ರೇಮ್, ಅಲ್ಲಿಗೆ ಮುಗಿಯಿತು. ಬ್ಯಾಟರಿ ಬಿಚ್ಚಲು ಬರುವುದಿಲ್ಲ. ಸೈಕಲ್ ಹ್ಯಾಂಡಲ್‌ಗೆ ಸರಿ, ಕಬಡ್ಡಿಗೆ ಅಲ್ಲ. ಗೋಪ್ರೊದಲ್ಲೇ ಹೀರೊ 12 ಬ್ಲ್ಯಾಕ್ ಆಗಿದ್ದರೆ 4ಕೆಯಲ್ಲಿ 120, 2.7ಕೆಯಲ್ಲಿ 240 ಫ್ರೇಮ್ ಕೊಡುತ್ತದೆ. ಒಳ್ಳೆಯ ಬೆಲೆಗೆ ಸಿಕ್ಕರೆ ಅದನ್ನೂ ಧೈರ್ಯವಾಗಿ ತಗೊಳ್ಳಬಹುದು. ನನಗೆ ಸಿಕ್ಕಿದ ದರದಲ್ಲಿ ಆಸ್ಮೋ ಕಡಿಮೆಯಿತ್ತು. ಆಸ್ಮೋದ ಸೆನ್ಸರ್ 1/1.3 ಇಂಚು, ಹೀರೊ 12ರದ್ದು ಅದಕ್ಕಿಂತ ಚಿಕ್ಕದು, 1/1.9 ಇಂಚು. ಸಂಜೆ ಆರರ ಮೇಲೆ ಅಭ್ಯಾಸ ಮಾಡಿಸುವವರಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಇನ್ನು ಬಳಕೆ. ಕ್ಯಾಮೆರಾ 145 ಗ್ರಾಂ. ಕೆಳಗೆ ಅಯಸ್ಕಾಂತದ ಹಿಡಿ ಇದೆ, ಸ್ಟ್ಯಾಂಡ್‌ಗೆ ಟಕ್ ಅಂತ ಕೂರುತ್ತದೆ. ಮೈದಾನದಿಂದ ಬಿಚ್ಚಿ ಬ್ಯಾಗಿಗೆ ಹಾಕಿ ಜಿಮ್‌ಗೆ ಹೋಗುವ ನನಗೆ ಇದು ದೊಡ್ಡ ಅನುಕೂಲ. ಮುಂದೆ ಹಿಂದೆ ಎರಡೂ ಕಡೆ ಟಚ್ ಸ್ಕ್ರೀನ್. ಜಿಮ್‌ನಲ್ಲಿ ಒಬ್ಬಳೇ ಇದ್ದಾಗ ಬಾರ್ ಫ್ರೇಮ್‌ನೊಳಗೆ ಇದೆಯಾ ಅಂತ ಮುಂದಿನ ಸ್ಕ್ರೀನ್‌ನಲ್ಲೇ ನೋಡಿಕೊಳ್ಳುತ್ತೇನೆ. ಸ್ಟ್ಯಾಂಡ್ ಮೇಲೆ ಇಟ್ಟಾಗ ಸ್ಟೆಬಿಲೈಸೇಷನ್ (ಚಿತ್ರದ ಅಲುಗಾಟ ತಗ್ಗಿಸುವ ಸೌಲಭ್ಯ) ಆಫ್ ಮಾಡಿಬಿಡಿ. ಕ್ಯಾಮೆರಾ ಅಲುಗಾಡುತ್ತಲೇ ಇಲ್ಲ, ಮತ್ತೆ ಅದು ಯಾಕೆ? ಚಿತ್ರದ ಅಗಲವೂ ಉಳಿಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಬ್ಯಾಟರಿ 160 ನಿಮಿಷ ಅಂತ ಡಬ್ಬಿಯ ಲೆಕ್ಕ. ಅದು 1080ಪಿ, 24 ಫ್ರೇಮ್‌ಗೆ ಹೇಳಿದ ಮಾತು. 120 ಫ್ರೇಮ್‌ನಲ್ಲಿ ಅದರ ಅರ್ಧ ಅಂದುಕೊಂಡು ಹೊರಡಿ. ಒಂದು ಹೆಚ್ಚುವರಿ ಬ್ಯಾಟರಿ ಬೇಕೇ ಬೇಕು.

ಪ್ರೀ-ರೆಕ್ ಅನ್ನುವ ಸೌಲಭ್ಯ ನನಗೆ ಬಹಳ ಇಷ್ಟವಾಯಿತು. ಬಟನ್ ಒತ್ತುವ ಮೊದಲಿನ ಸ್ವಲ್ಪ ಹೊತ್ತನ್ನೂ ಅದು ಉಳಿಸಿಕೊಳ್ಳುತ್ತದೆ. ಕಬಡ್ಡಿಯಲ್ಲಿ ಒಂದು ರೈಡ್ 30 ಸೆಕೆಂಡ್. ಅದರಲ್ಲಿ ಮುಕ್ಕಾಲು ಪಾಲು ಏನೂ ಆಗಿರುವುದಿಲ್ಲ, ರೈಡರ್ ಆ ಕಡೆ ಈ ಕಡೆ ಓಡಾಡಿ ಬರುತ್ತಾಳೆ. ಒಳ್ಳೆಯ ಆ್ಯಂಕಲ್ ಹೋಲ್ಡ್ (ರೈಡರ್‌ನ ಕಣಕಾಲು ಹಿಡಿಯುವುದು) ಬಿದ್ದ ಮೇಲೆ ಬಟನ್ ಒತ್ತಿದರೂ ಅದು ಸಿಗುತ್ತದೆ ಅಂದರೆ, ಆಮೇಲೆ ರಾತ್ರಿ ಕೂತು ಉದ್ದುದ್ದ ಫೈಲ್ ಕತ್ತರಿಸುವ ಕೆಲಸ ಉಳಿಯಿತು.

ಕೊರತೆ ಇಲ್ಲವಾ ಅಂದರೆ ಇದೆ. ಆಪ್ಟಿಕಲ್ ಜೂಮ್ ಇಲ್ಲ. ಆಚೆ ಬದಿಯ ಕಾರ್ನರ್ ಡಿಫೆಂಡರ್ ಚಿಕ್ಕದಾಗಿ ಕಾಣುತ್ತಾಳೆ. ಅಗಲದ ಲೆನ್ಸ್ ಆದ್ದರಿಂದ ಅಂಚಿನ ಗೆರೆಗಳು ಬಿಲ್ಲಿನಂತೆ ಬಾಗುತ್ತವೆ. ಅದಕ್ಕೆ ಡಿವಾರ್ಪ್ ಅನ್ನುವ ಸೆಟ್ಟಿಂಗ್ ಇದೆ, ಗೆರೆ ನೇರವಾಗುತ್ತದೆ, ಅಗಲ ಸ್ವಲ್ಪ ಕಡಿಮೆಯಾಗುತ್ತದೆ. ಬಿಸಿಲಿನ ವಿಷಯ ಈ ಒಂದು ಮಾಡೆಲ್‌ಗಲ್ಲ, ಆ್ಯಕ್ಷನ್ ಕ್ಯಾಮೆರಾಗಳ ಜಾತಿಗೇ ಸೇರಿದ್ದು. ಓಡುವ ಬೈಕಿನ ಮೇಲೆ ಗಾಳಿ ಬಡಿಯುತ್ತಾ ಇದ್ದಾಗ ತಣ್ಣಗಿರುವ ಈ ಪೆಟ್ಟಿಗೆಗಳು, ಸ್ಟ್ಯಾಂಡ್ ಮೇಲೆ ಗಾಳಿಯಿಲ್ಲದೆ ನಿಂತಾಗ ಬಿಸಿಯಾಗುತ್ತವೆ. ಏಪ್ರಿಲ್ ಬಿಸಿಲಲ್ಲಿ 4ಕೆ 120ಕ್ಕೆ ಇಟ್ಟು ಮರೆತುಬಿಡಬೇಡಿ. 1080ಪಿ ಸಾಕು. ಮೇಲೊಂದು ಬಿಳಿ ಕರ್ಚೀಫ್ ನೆರಳು ಕಟ್ಟಿ, ರೈಡ್ ಇಲ್ಲದಾಗ ಆಫ್ ಮಾಡಿ.

ಈಗ ಸ್ಟ್ಯಾಂಡ್. ಇಡೀ ಖರ್ಚಿನಲ್ಲಿ ನನಗೆ ಅತಿ ಹೆಚ್ಚು ಲಾಭ ಕೊಟ್ಟದ್ದು ಇದು. ಸೊಂಟದ ಎತ್ತರದ ಟ್ರೈಪಾಡ್‌ನಿಂದ ಕಬಡ್ಡಿ ತೆಗೆದರೆ ಕಾಣುವುದು ಹತ್ತಿರದವರ ಬೆನ್ನು ಮಾತ್ರ. ಬೋನಸ್ ಗೆರೆ ಅವರ ಕಾಲುಗಳ ಹಿಂದೆ ಅಡಗಿರುತ್ತದೆ. ಫೋಟೊ ಸ್ಟುಡಿಯೊದವರು ಫ್ಲ್ಯಾಶ್ ನಿಲ್ಲಿಸಲು ಬಳಸುವ ಒಂಬತ್ತು ಅಡಿ ಲೈಟ್ ಸ್ಟ್ಯಾಂಡ್ ತಗೊಳ್ಳಿ. ಟ್ರೈಪಾಡ್‌ನ ಕಾಲು ಭಾಗದ ಬೆಲೆಗೂ ಸಿಗುತ್ತದೆ. ಬುಡಕ್ಕೆ ಮರಳು ತುಂಬಿದ ಚೀಲ ಕಟ್ಟಬೇಕು, ಇಲ್ಲದಿದ್ದರೆ ಗಾಳಿಗೆ ಸ್ಟ್ಯಾಂಡ್ ಸಮೇತ ನೆಲಕ್ಕೆ. ನಾನು ನಿಲ್ಲಿಸುವುದು ಬೋನಸ್ ಗೆರೆಯ ನೇರಕ್ಕೆ, ಲಾಬಿಯಿಂದ (ಅಂಕಣದ ಪಕ್ಕದ ಪಟ್ಟಿಯಿಂದ) ಎರಡು ಹೆಜ್ಜೆ ಆಚೆ. ಗೆರೆಯ ಉದ್ದಕ್ಕೇ ನೋಡಿದಾಗ ಮಾತ್ರ ಪಾದ ಗೆರೆಯ ಈಚೆಗೋ ಆಚೆಗೋ ಅಂತ ಹೇಳಲು ಆಗುತ್ತದೆ. ಓರೆಯಿಂದ ನೋಡಿದರೆ ಗಾಳಿಯಲ್ಲಿರುವ ಪಾದವೂ ಗೆರೆ ದಾಟಿದಂತೆ ಕಾಣುತ್ತದೆ. ಕ್ರಿಕೆಟ್‌ನಲ್ಲಿ ರನೌಟ್ ಕ್ಯಾಮೆರಾವನ್ನು ಕ್ರೀಸ್ ನೇರಕ್ಕೆ ಇಡುವುದೂ ಇದಕ್ಕೇ.

ಇನ್ನೊಂದು ಮಾತು, ಕ್ಯಾಮೆರಾಕ್ಕೆ ಸಂಬಂಧ ಇಲ್ಲದ್ದು. ಮಣ್ಣಿನ ಅಂಕಣದಲ್ಲಿ ಸುಣ್ಣದ ಪುಡಿಯ ಗೆರೆ ನಾಲ್ಕು ರೈಡ್‌ಗೆ ಅಳಿಸಿಹೋಗುತ್ತದೆ. ಇಲ್ಲದ ಗೆರೆಯನ್ನು ಯಾವ ಕ್ಯಾಮೆರಾ ತೋರಿಸುತ್ತದೆ? ಬಿಳಿ ನವಾರು ಪಟ್ಟಿ ಎಳೆದು ಅಂಚಿನಲ್ಲಿ ಮೊಳೆ ಹೊಡೆದು, ಮೊಳೆಯ ತಲೆ ಮಣ್ಣಿನೊಳಗೆ ಪೂರ್ತಿ ಇಳಿಯುವಂತೆ ಮಾಡಿದ್ದೇವೆ. ಹೆಣ್ಣುಮಕ್ಕಳು ಬರಿಗಾಲಲ್ಲಿ ಆಡುತ್ತಾರೆ, ಅದನ್ನು ದಿನಾ ಪರೀಕ್ಷಿಸಬೇಕು.

ಜಿಮ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ವೇಗ ಕಡಿಮೆ, ಬೆಳಕೂ ಕಡಿಮೆ. ಸ್ಕ್ವಾಟ್‌ನಲ್ಲಿ ಬಾರ್ ಸೆಕೆಂಡಿಗೆ ಒಂದು ಮೀಟರ್ ಸರಿದರೂ ಜಾಸ್ತಿಯೇ. 1/100 ಶಟರ್‌ಗೆ ಮಸುಕು 1 ಸೆಂಟಿಮೀಟರ್. ಸಾಕು. ಸಮಸ್ಯೆ ಬರುವುದು ದೀಪದಿಂದ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. 240 ಫ್ರೇಮ್‌ಗೆ ಇಟ್ಟರೆ ವಿಡಿಯೊ ತುಂಬಾ ಕತ್ತಲೆ ಬೆಳಕು ಕುಣಿಯುತ್ತದೆ. ದುಬಾರಿ ಕ್ಯಾಮೆರಾ ತಂದರೂ ಇದು ಹೋಗುವುದಿಲ್ಲ. ಆಸ್ಮೋದಲ್ಲಿ 100 ಫ್ರೇಮ್‌ನ ಆಯ್ಕೆ ಇದೆ. 100 ಫ್ರೇಮ್, 1/100 ಶಟರ್ ಇಟ್ಟರೆ ಪ್ರತಿ ಫ್ರೇಮ್‌ಗೂ ಒಂದು ಪೂರ್ತಿ ಮಿನುಗು ಸಿಗುತ್ತದೆ, ವಿಡಿಯೊ ಶಾಂತವಾಗಿ ಬರುತ್ತದೆ. ಪೆಟ್ಟಿಗೆಯಿಂದ ತೆಗೆದಾಗ ಬರುವ 30, 60, 120ರ ಸಾಲನ್ನೇ ಹಿಡಿದು ಕೂರಬೇಡಿ. ಆ ಅಂಕಿಗಳು 60 ಹರ್ಟ್ಸ್ ಕರೆಂಟಿನ ದೇಶಗಳಿಗೆ ಹೊಂದುವಂಥವು. ಇಲ್ಲಿ ದೀಪದ ಕೆಳಗೆ 25, 50, 100. ಬಿಸಿಲಿನಲ್ಲಿ ಏನಿಟ್ಟರೂ ನಡೆಯುತ್ತದೆ. ಹೊಸ ಬಲ್ಬ್ ಕೊಳ್ಳುವ ಮೊದಲು ಅಂಗಡಿಯಲ್ಲೇ ಫೋನ್‌ನ ಸ್ಲೋಮೋಷನ್‌ನಲ್ಲಿ ಬಲ್ಬನ್ನು ತೆಗೆದು ನೋಡಿ. ಮಿನುಗಿದರೆ ಬೇಡ.

ಕ್ಯಾಮೆರಾ ಎಲ್ಲಿಡಬೇಕು ಅನ್ನುವುದರಲ್ಲೂ ಮೋಸ ಇದೆ. ಪವರ್‌ಲಿಫ್ಟಿಂಗ್ ನಿಯಮದಲ್ಲಿ ಸ್ಕ್ವಾಟ್ ಸರಿ ಅನ್ನಿಸಿಕೊಳ್ಳಬೇಕಾದರೆ ಸೊಂಟದ ಸಂಧಿಯ ಬಳಿ ತೊಡೆಯ ಮೇಲ್ಭಾಗ ಮಂಡಿಯ ತುದಿಗಿಂತ ಕೆಳಗೆ ಹೋಗಬೇಕು. ಮುಂದೆ ಓರೆಯಾಗಿ, ನೆಲದ ಮೇಲೆ ಕ್ಯಾಮೆರಾ ಇಟ್ಟರೆ ಹತ್ತಿರದ ಮಂಡಿ ಎತ್ತರದಲ್ಲಿ ಕಾಣುತ್ತದೆ, ಅರ್ಧ ಕೂತವರೂ ಪೂರ್ತಿ ಕೂತಂತೆ ತೋರುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಅಂಥ ಸ್ಕ್ವಾಟ್‌ಗಳಿಗೆ ಬರವಿಲ್ಲ. ನೇರ ಪಕ್ಕದಿಂದ, ಮಂಡಿ ಎತ್ತರಕ್ಕೆ, ಮೂರು ಮೀಟರ್ ದೂರದಲ್ಲಿ, ಬಾರ್ ಚಿತ್ರದ ನಡುವೆ ಬರುವಂತೆ ಇಡಿ. ಅಂಚಿಗೆ ಬಂದರೆ ಲೆನ್ಸಿನ ಬಾಗು ಬಾರ್‌ನ ದಾರಿಯನ್ನೂ ಬಾಗಿಸುತ್ತದೆ.

ಮನೆಗೆ ಬಂದ ಮೇಲೆ ಕಿನೋವಿಯಾ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತೇನೆ. ವಿಂಡೋಸ್‌ನಲ್ಲಿ ನಡೆಯುತ್ತದೆ, ಶಾಲೆಯ ಹಳೆಯ ಕಂಪ್ಯೂಟರಿನಲ್ಲೂ ಓಡಿತು. ಒಂದೊಂದೇ ಫ್ರೇಮ್ ಸರಿಸಬಹುದು, ಕೋನ ಅಳೆಯಬಹುದು, ಬಾರ್ ಹೋದ ದಾರಿಗೆ ಗೆರೆ ಎಳೆಯಬಹುದು. ಅಳತೆಗೆ ಆಧಾರ ಬೇಕಲ್ವಾ? ಸ್ಪರ್ಧೆಯ ಅಳತೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂಟಿಮೀಟರ್. ಅದನ್ನೇ ಸ್ಕೇಲ್ ಮಾಡಿಕೊಳ್ಳಿ. ಡೆಡ್‌ಲಿಫ್ಟ್‌ನಲ್ಲಿ ಬಾರ್ ಕಾಲಿನಿಂದ ಎಷ್ಟು ಮುಂದೆ ಹೋಯಿತು ಅಂತ ಸೆಂಟಿಮೀಟರ್ ಲೆಕ್ಕದಲ್ಲಿ ತೋರಿಸಿದಾಗ, "ಮುಂದೆ ಹೋಗ್ತಿದೆ" ಅಂತ ಹತ್ತು ಸಲ ಬಾಯಲ್ಲಿ ಹೇಳಿದ್ದಕ್ಕೆ ತಿದ್ದಿಕೊಳ್ಳದವರೂ ತಿದ್ದಿಕೊಂಡರು.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ನಮ್ಮ ಆಟಗಾರ್ತಿಯರು ಮಕ್ಕಳು. ಮನೆಯವರ ಒಪ್ಪಿಗೆ ಬರಹದಲ್ಲಿ ತಗೊಂಡ ಮೇಲೇ ಕ್ಯಾಮೆರಾ ತೆಗೆಯುವುದು. ಫೈಲ್ ನನ್ನ ಹತ್ತಿರದ ಹಾರ್ಡ್‌ಡಿಸ್ಕಿನಲ್ಲಿ ಇರುತ್ತದೆ, ವಾಟ್ಸ್ಆ್ಯಪ್ ಗುಂಪಿಗೆ ಹೋಗುವುದಿಲ್ಲ, ಸೀಸನ್ ಮುಗಿದ ಮೇಲೆ ಅಳಿಸುತ್ತೇನೆ. ಜಿಮ್‌ನಲ್ಲಿ ಗೋಡೆ ಹಿಂದೆ ಬರುವ ಹಾಗೆ ಕ್ಯಾಮೆರಾ ಇಡುತ್ತೇನೆ. ಬೇರೆ ಹೆಂಗಸರು ವ್ಯಾಯಾಮ ಮಾಡುತ್ತಿರುವುದು ನನ್ನ ವಿಡಿಯೊದಲ್ಲಿ ಯಾಕೆ ಬರಬೇಕು?

ಧ್ವನಿಯ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ, ಸೀಟಿ ಕೇಳಿಸುತ್ತದೆ. ಕಾರ್ಡ್ ಮಾತ್ರ ಒಳ್ಳೆಯದು ತಗೊಳ್ಳಿ. ಈ ಕ್ಯಾಮೆರಾ ಕಾರ್ಡ್‌ಗೆ ಬರೆಯುವ ಗರಿಷ್ಠ ವೇಗ (ಬಿಟ್‌ರೇಟ್) 130 ಎಂಬಿಪಿಎಸ್, ಅಂದರೆ ಗಂಟೆಗೆ ಸುಮಾರು 58 ಜಿಬಿ. ವಿ30 ಅನ್ನುವ ವೇಗದ ಗುರುತಿರುವ ಮೈಕ್ರೊಎಸ್‌ಡಿ ಸಾಕು, ಅದಕ್ಕಿಂತ ದುಬಾರಿಯದು ಬೇಡ. ಸಿಕ್ಕಾಪಟ್ಟೆ ಅಗ್ಗಕ್ಕೆ ಸಿಗುವ 512 ಜಿಬಿ ಕಾರ್ಡ್‌ಗಳಲ್ಲಿ ನಕಲಿ ಬಹಳ. ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಪೂರ್ತಿ ಬರೆದು ಓದಿ ನೋಡಿ, ಸರಿಯಿಲ್ಲದಿದ್ದರೆ ಅವತ್ತೇ ವಾಪಸ್ ಕೊಡಿ.

ಫುಟ್‌ಬಾಲ್, ಹಾಕಿ, ಕ್ರಿಕೆಟ್‌ನಂಥ ದೊಡ್ಡ ಮೈದಾನದ ಕೋಚ್‌ಗಳು ಇದನ್ನು ಕೊಳ್ಳಬೇಡಿ, ಆಟಗಾರರು ಇರುವೆಗಳಂತೆ ಕಾಣುತ್ತಾರೆ. ನಿಮಗೆ ಜೂಮ್ ಇರುವ ಹ್ಯಾಂಡಿಕ್ಯಾಮೇ ಸರಿ. ಕಬಡ್ಡಿ, ಖೋ ಖೋ, ಬ್ಯಾಡ್ಮಿಂಟನ್, ಕುಸ್ತಿ, ಜಿಮ್, ಇವಕ್ಕೆ ಆಸ್ಮೋ ಆ್ಯಕ್ಷನ್ 4 ತಗೊಳ್ಳಬಹುದು. ತಗೊಳ್ಳುವಾಗ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಇಲ್ಲದೆ ಎರಡು ಸಾವಿರ ಕಡಿಮೆಗೆ ಕೊಡ್ತೀವಿ ಅಂತ ಹೇಳುವವರು ಸಿಗುತ್ತಾರೆ. ನನಗೂ ಸಿಕ್ಕಿದ್ದರು. ವಾರಂಟಿ ಯಾರು ಕೊಡ್ತಾರೆ ಅಂತ ಕೇಳಿದ್ದಕ್ಕೆ "ನಾವಿದ್ದೀವಲ್ಲ ಮೇಡಂ" ಅಂದರು. ನಾನು ಬಿಲ್ ಕೊಡುವ ಪಕ್ಕದ ಅಂಗಡಿಗೆ ಹೋದೆ.